ಯಾವ ರಿವಾಲ್ವರ್ ಒಳ್ಳೆಯದು?

(ಹುಣಸಮಾರನಹಳ್ಳಿಯಲ್ಲಿ ನಡೆದ ವಿದ್ಯಾರ್ಥಿ-ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕೊಡಿ ಅಂದಿದ್ದಕ್ಕೆ ಹಾಸ್ಟೆಲಿನ ಹುಡುಗರು ಒಂದು ಕಟ್ಟು ಚೀಟಿ ಕೊಟ್ಟಿದ್ದಾರೆ. ಸ್ಕಾಲರ್‌ಶಿಪ್ಪು, ಒಳಮೀಸಲಾತಿ, ಮೆಸ್ಸಿನ ಅನ್ನ, ಇವಕ್ಕೆಲ್ಲ ಬೇರೆಯವರು ಉತ್ತರ ಕೊಡ್ತಾರೆ. ಒಂದು ಚೀಟಿಯನ್ನ ಮಾತ್ರ ನಾನೇ ಕೇಳಿ ಇಸ್ಕೊಂಡೆ. ಅದರಲ್ಲಿ ಹೆಸರಿಲ್ಲ. ಹೀಗೆ ಬರೆದಿದೆ: "ದಿನಾ ಜೊತೆಯಲ್ಲಿ ಇಟ್ಟುಕೊಳ್ಳೋಕೆ, ಹೊಲದ ಕಡೆ ಹೋಗುವಾಗ ತಗೊಂಡು ಹೋಗೋಕೆ ಯಾವ ರಿವಾಲ್ವರ್ ಒಳ್ಳೇದು? ಎಷ್ಟಾಗುತ್ತೆ? ನಮಗೆ ಕೊಡ್ತಾರಾ?"

ಇದನ್ನ ಓದಿದಾಗ ಕೆಲವರು ನಕ್ಕರು. ನಗಬೇಡಿ. ಇದನ್ನ ಬರೆದ ಹುಡುಗ ಸಿನಿಮಾ ನೋಡಿ ಬರೆದಿಲ್ಲ. ಈ ಯಲಹಂಕದ ಸೀಮೆ ಎಂಥದ್ದು ನಿಮಗೇ ಗೊತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಯ್ತು. ಅಲ್ಲೀತನಕ ರಾಗಿ ಹುರುಳಿ ಬೆಳೀತಿದ್ದ ಹೊಲಕ್ಕೆ ಗುಂಟೆ ಲೆಕ್ಕದಲ್ಲಿ ಬೆಲೆ ಬಂತು. ಬಳ್ಳಾರಿ ರಸ್ತೆಯ ಎರಡೂ ಕಡೆ ನಮ್ಮ ತಾತಂದಿರಿಗೆ ಸರ್ಕಾರ ಕೊಟ್ಟ ಎರಡು ಎಕರೆ, ಒಂದೂವರೆ ಎಕರೆ ತುಂಡು ಜಮೀನುಗಳಿವೆ. ಅದನ್ನ ಮಾರಬಾರದು, ಸರ್ಕಾರದ ಅಪ್ಪಣೆ ಇಲ್ಲದೆ ಮಾರಿದರೆ ಅದು ಅಸಿಂಧು ಅಂತ 1978ರಲ್ಲೇ ಕಾಯ್ದೆ ಆಗಿದೆ. ಜನ ಅದನ್ನ ಪಿ.ಟಿ.ಸಿ.ಎಲ್. ಕಾಯ್ದೆ ಅಂತಾರೆ. ಆದರೂ ಸಂಜೆ ಹೊತ್ತು ದೊಡ್ಡ ಕಾರು ಬಂದು ಕೇರಿಯ ಬಾಯಲ್ಲಿ ನಿಲ್ಲುತ್ತೆ. ಇಳಿದವನು ಅಪ್ಪನನ್ನ ಏಕವಚನದಲ್ಲಿ ಕೂಗ್ತಾನೆ. ಹಿಂದೆ ಇಳಿದವನ ಸೊಂಟದಲ್ಲಿ ಕಪ್ಪು ಚರ್ಮದ ಚೀಲ ಕಾಣ್ತದೆ. ಅವನು ಬಾಯಿ ಬಿಟ್ಟು ಏನೂ ಹೇಳೋದಿಲ್ಲ, ಅಂಗಿ ಸ್ವಲ್ಪ ಸರಿಸ್ತಾನೆ ಅಷ್ಟೆ. ಡಿಗ್ರಿ ಓದೋ ಮಗ ಅದನ್ನ ಬಾಗಿಲ ಹಿಂದೆ ನಿಂತು ನೋಡಿರ್ತಾನೆ. ಅಂಥವನು ಹಾಸ್ಟೆಲಿಗೆ ಬಂದು ಇಂಥ ಚೀಟಿ ಬರೆದರೆ ಅದರಲ್ಲಿ ನಗೋದು ಏನಿದೆ?

ಅದಕ್ಕೇ ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಹೇಳ್ತೀನಿ. ಆಮೇಲೆ ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಸಾಮಾನ್ಯ ಮನುಷ್ಯ ಲೈಸೆನ್ಸ್ ಪಡೆದು ಇಟ್ಟುಕೊಳ್ಳಬಹುದಾದ ಕೈಬಂದೂಕು ಅಂದರೆ ಹೆಚ್ಚಾಗಿ ಪಾಯಿಂಟ್ 32 ಅಳತೆಯದು. ಪೊಲೀಸರು, ಸೈನ್ಯದವರು ಬಳಸುವ 9 ಎಂ.ಎಂ. ನಂಥದ್ದು ನಿಷೇಧಿತ ಪಟ್ಟಿಯಲ್ಲಿದೆ. ಹೊರದೇಶದ ಹೊಸ ಮಾಲು ಖಾಸಗಿಯವರಿಗೆ ಬರೋದು 1980ರ ದಶಕದಲ್ಲೇ ನಿಂತುಹೋಯ್ತು. ಹಳೇ ವೆಬ್ಲಿ, ಸ್ಮಿತ್ ಅಂಡ್ ವೆಸನ್ ಇಟ್ಟುಕೊಂಡಿರೋ ದೊಡ್ಡ ಮನೆತನದವರು ಅದನ್ನ ಆಸ್ತಿಯ ಹಾಗೆ ಮಕ್ಕಳಿಗೆ ಬರೆದು ಕೊಡ್ತಾರೆ, ಇಲ್ಲವೇ ಹೇಳಿದ ಬೆಲೆಗೆ ಮಾರ್ತಾರೆ. ಉಳಿದಿದ್ದು ಹೆಚ್ಚಾಗಿ ಸರ್ಕಾರಿ ಕಾರ್ಖಾನೆಗಳ ಮಾಲು, ಅದರಲ್ಲೂ ಕಾನ್ಪುರದ್ದು. ಅಲ್ಲಿಂದ ಬರುವ ಹಳೇ ಮಾದರಿಯ ರಿವಾಲ್ವರನ್ನ ಮಧ್ಯಕ್ಕೆ ಮುರಿದು ತೆರೀಬೇಕು, ತೆರೆದರೆ ಸುಟ್ಟ ತೋಟಾಗಳೆಲ್ಲ ಒಟ್ಟಿಗೆ ಹೊರಗೆ ಬೀಳ್ತವೆ. 2014ರಲ್ಲಿ 'ನಿರ್ಭೀಕ್' ಅಂತ ಒಂದು ಬಂತು, ಅರ್ಧ ಕೆ.ಜಿ. ತೂಕ. 2023ರಲ್ಲಿ 'ಪ್ರಬಲ್' ಅಂತ ಇನ್ನೊಂದು ಬಂತು, ಅದರ ಉರುಳೆ ಪಕ್ಕಕ್ಕೆ ಹೊರಳಿ ತೆರೆದುಕೊಳ್ತದೆ, ತೂಕ ಮುಕ್ಕಾಲು ಕೆ.ಜಿ.ಗೆ ಸ್ವಲ್ಪ ಕಡಿಮೆ. ಎರಡರಲ್ಲೂ ಆರೇ ಗುಂಡು.

ಪಿಸ್ತೂಲಿಗಿಂತ ರಿವಾಲ್ವರ್ ಒಳ್ಳೇದು ಅಂತ ತಿಳಿದವರು ಹೇಳೋದಕ್ಕೆ ಕಾರಣ ಇದೆ. ಕೆಲಸ ಸರಳ. ಒಂದು ಗುಂಡು ಹಾರದೆ ಹುಸಿ ಹೋದರೆ ಕುದುರೆಯನ್ನ ಮತ್ತೆ ಎಳೆದರೆ ಸಾಕು, ಉರುಳೆ ತಿರುಗಿ ಮುಂದಿನ ಗುಂಡು ಬರ್ತದೆ. ಪಿಸ್ತೂಲಿನಲ್ಲಿ ಹಾಗೆ ಸಿಕ್ಕಿಕೊಂಡರೆ ಬಿಡಿಸೋದಕ್ಕೆ ಎರಡೂ ಕೈ ಬೇಕು, ಅಭ್ಯಾಸ ಬೇಕು. ಇನ್ನು ಮೋಟು ನಳಿಗೆಯದು ಜೊತೆಯಲ್ಲಿ ಇಟ್ಟುಕೊಳ್ಳೋಕೆ ಹಗುರ, ಆದರೆ ಹಗುರವಾದಷ್ಟೂ ಕೈಯಲ್ಲಿ ಒದೆಯುತ್ತದೆ, ಗುರಿ ಕೆಡುತ್ತದೆ. ಹತ್ತು ಹೆಜ್ಜೆಗಿಂತ ಆಚೆಗೆ ಹೊಸಬನ ಕೈಯಲ್ಲಿ ಗುರಿ ಕೂರೋದು ಕಷ್ಟ. ಅಭ್ಯಾಸ ಮಾಡೋಣ ಅಂದರೆ ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ ಸಿಗೋದು. ಬೆವರು, ಮಳೆ ಬಿದ್ದರೆ ಉಕ್ಕಿನದು ತುಕ್ಕು ಹಿಡೀತದೆ, ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಾಕಬೇಕು. ಹೊಲದಲ್ಲಿ ಹಂದಿ ಓಡಿಸೋಕೆ, ಕಾಡಿನ ಅಂಚಿನಲ್ಲಿ ಓಡಾಡೋಕೆ ರಿವಾಲ್ವರ್ ಏನೇನೂ ಪ್ರಯೋಜನವಿಲ್ಲ, ಅದಕ್ಕೆ ಉದ್ದ ನಳಿಗೆಯ ಕೋವಿಯೇ ಬೇಕು. ಇದನ್ನ ಕಾಯ್ದೆಯೂ ಒಪ್ಪಿದೆ, ಅದಕ್ಕೆ ಆಮೇಲೆ ಬರ್ತೀನಿ.

ಬೆಲೆ ಕೇಳಿದ್ದೀರಿ. ನಿರ್ಭೀಕ್ ಬಂದಾಗ ಅದರ ಬೆಲೆ 1,22,360 ರೂಪಾಯಿ. 2012ರಲ್ಲಿ ದೆಹಲಿಯಲ್ಲಿ ಆ ಹೆಣ್ಣುಮಗಳ ಮೇಲೆ ನಡೆದ ಅತ್ಯಾಚಾರ, ಕೊಲೆ ದೇಶವನ್ನೇ ನಡುಗಿಸಿದ ಮೇಲೆ, ಹೆಂಗಸರ ರಕ್ಷಣೆಗೆ ಅಂತ ಅವಳ ನೆನಪಿನ ಹೆಸರಿಟ್ಟು ಸರ್ಕಾರಿ ಕಾರ್ಖಾನೆ ಅದನ್ನ ಹೊರಗೆ ತಂದಿತು. ದಿನಕ್ಕೆ 400 ರೂಪಾಯಿ ಕೂಲಿ ಅಂತ ಇಟ್ಟುಕೊಂಡರೂ, ಒಂದು ಹೊತ್ತೂ ಉಣ್ಣದೆ ಕೂಡಿಟ್ಟರೆ, 306 ದಿನದ ಕೂಲಿ. ನಮ್ಮ ಕೇರಿಯ ಹೆಣ್ಣುಮಗಳು ನಿರ್ಭೀತಳಾಗೋಕೆ ಹತ್ತು ತಿಂಗಳು ಉಪವಾಸ ಇರಬೇಕು!

ಈಗ ಮೂರನೇ ಪ್ರಶ್ನೆ. ನಮಗೆ ಕೊಡ್ತಾರಾ?

ಇದು ಮುಖ್ಯ. ಆಯುಧ ಯಾರ ಕೈಯಲ್ಲಿ ಇರಬೇಕು ಅನ್ನೋದನ್ನ ಈ ದೇಶದಲ್ಲಿ ಜಾತಿಯೇ ತೀರ್ಮಾನ ಮಾಡಿಕೊಂಡು ಬಂದಿದೆ. ಒಂದು ವರ್ಣಕ್ಕೆ ಆಯುಧ ಧರ್ಮ, ನಮಗೆ ಅದನ್ನ ಮುಟ್ಟುವುದೇ ಪಾಪ. ಬ್ರಿಟಿಷರು ಬಂದು ಬದಲಾಯಿಸಿದರಾ? 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯದ ಎದುರು ನಿಂತವರಲ್ಲಿ ಮಹಾರ್ ಸಿಪಾಯಿಗಳಿದ್ದರು. ಮದರಾಸು ಸೈನ್ಯದಲ್ಲಿ, ಬೆಂಗಳೂರಿನ ಹಲಸೂರಿನಲ್ಲಿ ಬೀಡುಬಿಟ್ಟ ಸ್ಯಾಪರ್ಸ್ ಪಡೆಯಲ್ಲಿ ಪರೆಯರು ಇದ್ದರು. ಕೆಲಸ ಮುಗಿದ ಮೇಲೆ ಅದೇ ಬ್ರಿಟಿಷರು 'ಕ್ಷಾತ್ರ ಕುಲ' ಅಂತ ಹೊಸ ಶಾಸ್ತ್ರ ಬರೆದು 1890ರ ದಶಕದಲ್ಲಿ ಮಹಾರರನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. ಬಾಬಾಸಾಹೇಬರ ತಂದೆ ರಾಮ್‌ಜಿ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಆ ಬಾಗಿಲು ಮತ್ತೆ ತೆರೀಲಿ ಅಂತ ಬಾಬಾಸಾಹೇಬರು ವರ್ಷಗಟ್ಟಲೆ ಒತ್ತಾಯ ಮಾಡಿದರು. ಕೊನೆಗೆ 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು. ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಬೆಳಗಾವಿಯಲ್ಲಿ. ನಮ್ಮವರಿಗೆ ಕೋವಿ ಹಿಡಿಯೋಕೆ ಬರಲ್ಲ ಅನ್ನೋ ಮಾತಿಗೆ ಇಷ್ಟು ಸಾಕು.

ಊರೊಳಗಿನ ಕಥೆ ಬೇರೆ. 1878ರ ಆಯುಧ ಕಾಯ್ದೆ ಇಡೀ ದೇಶದ ಕೈಯಿಂದ ಆಯುಧ ಕಿತ್ತುಕೊಂಡಿತು, ಬಿಳಿಯರಿಗೆ ವಿನಾಯಿತಿ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇವತ್ತಿಗೂ ಇದೆ. ಅವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡೋದು ಅವರ ಸಂಪ್ರದಾಯ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಅದೇ ಕೊಡಗಿನ ತೋಟದ ಲೈನ್‌ಮನೆಯಲ್ಲಿರೋ ಯರವ, ಪಣಿಯ ಆಳಿಗೆ ಯಾವ ಹಬ್ಬದಲ್ಲಿ ಯಾರು ಏನು ಕೊಟ್ಟರು ಅಂತ ಮಾತ್ರ ಕೇಳ್ತೀನಿ.

ಇವತ್ತಿನ ಕಾಯ್ದೆ 1959ರದು. ಓದಿದ ಹುಡುಗರು ಅದನ್ನ ಕೈಯಲ್ಲಿ ಹಿಡಿದು ಓದಬೇಕು. ಅದರ 13ನೇ ಸೆಕ್ಷನ್ ಎರಡು ಥರ ಲೈಸೆನ್ಸ್ ಬಗ್ಗೆ ಹೇಳ್ತದೆ. ರಕ್ಷಣೆಗೆ ಉದ್ದ ನಳಿಗೆಯ ಕೋವಿ, ಬೆಳೆ ಕಾಯೋಕೆ ಮದ್ದು ತುಂಬುವ ನಾಡಕೋವಿ, ಇವಕ್ಕೆ ಅರ್ಜಿ ಹಾಕಿದರೆ ಅಧಿಕಾರಿ ಸಾಮಾನ್ಯವಾಗಿ ಕೊಡಬೇಕು. ರಿವಾಲ್ವರ್ ಬೇಕು ಅಂದರೆ 'ಸಕಾರಣ' ತೋರಿಸಬೇಕು. ಆ ಕಾರಣ ಸರಿಯೋ ಅಲ್ಲವೋ ಅಂತ ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ತೀರ್ಮಾನ ಮಾಡ್ತಾರೆ. ಅದಕ್ಕೆ ಮೊದಲು ಠಾಣೆಯ ವರದಿ ಹೋಗ್ತದೆ. ಉದ್ಯಮಿಗೆ, ದಲ್ಲಾಳಿಗೆ, ಮಾಜಿ ಅಧ್ಯಕ್ಷನಿಗೆ 'ಸಕಾರಣ' ಬೇಗ ಹುಟ್ಟುತ್ತದೆ. ಕೂಲಿಯವನ ಮಗ ಹೋದರೆ "ನಿನಗ್ಯಾಕಯ್ಯಾ ರಿವಾಲ್ವರು, ನಿನ್ನತ್ರ ಕಾಯೋಕೆ ಏನೈತೆ" ಅಂತಾರೆ. ಈ ಮಾತಿಗೆ ಕಾಯ್ದೆಯಲ್ಲೇ ಉತ್ತರ ಇದೆ ಕಣ್ರಪ್ಪಾ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸಬಾರದು ಅಂತ 14ನೇ ಸೆಕ್ಷನ್ ಹೇಳ್ತದೆ. ನಿರಾಕರಿಸಿದರೆ ಕಾರಣವನ್ನ ಬರವಣಿಗೆಯಲ್ಲಿ ದಾಖಲು ಮಾಡಬೇಕು. ಅದರ ಮೇಲೆ ಅಪೀಲು ಹೋಗಬಹುದು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ದೌರ್ಜನ್ಯ ತಡೆ ಕಾಯ್ದೆ 1989ರದು, ಅದರ ನಿಯಮಗಳು 1995ರವು. 3ನೇ ನಿಯಮ ತೆಗೆದು ಓದಿ. ದೌರ್ಜನ್ಯ ಆಗಬಹುದಾದ ಪ್ರದೇಶಗಳನ್ನ ರಾಜ್ಯ ಸರ್ಕಾರ ಗುರುತಿಸಬೇಕು. ಅಲ್ಲಿ ಅಗತ್ಯ ಕಂಡರೆ ಪರಿಶಿಷ್ಟರಲ್ಲದವರ, ಅವರ ಹತ್ತಿರದ ನಂಟರ, ಆಳುಗಳ, ಸ್ನೇಹಿತರ ಆಯುಧ ಲೈಸೆನ್ಸ್ ರದ್ದು ಮಾಡಿ ಆ ಆಯುಧಗಳನ್ನ ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು. ಕಳ್ಳ ಬಂದೂಕುಗಳನ್ನ ಜಪ್ತಿ ಮಾಡಬೇಕು. ಪರಿಶಿಷ್ಟ ಜಾತಿ-ಪಂಗಡದವರ ಪ್ರಾಣ, ಆಸ್ತಿ ರಕ್ಷಣೆಗೆ ಬೇಕಾದರೆ ಅವರಿಗೆ ಆಯುಧ ಲೈಸೆನ್ಸ್ ಕೊಡಬೇಕು. ಇದು ಯಾವುದೋ ಉಗ್ರಗಾಮಿಯ ಕರಪತ್ರ ಅಲ್ಲ, ಭಾರತ ಸರ್ಕಾರದ ಗೆಜೆಟ್ಟು. ಹಾಗಾಗಿ, ಚೀಟಿ ಬರೆದ ತಮ್ಮಾ, ರಿವಾಲ್ವರ್ ಕೇಳೋದು ಅಪರಾಧವಲ್ಲ. ಕೇಳೋ ಹಕ್ಕು ನಿನಗಿದೆ. ಆದರೆ ಆ ನಿಯಮದಲ್ಲಿ ಯಾವುದು ಮೊದಲು ಬರ್ತದೆ ನೋಡು. ಅವರ ಕೈಯಿಂದ ಕಿತ್ತುಕೊಳ್ಳೋದು ಮೊದಲು, ನಮ್ಮ ಕೈಗೆ ಕೊಡೋದು ಕೊನೆಗೆ.

ನನ್ನ ಅಭಿಪ್ರಾಯಾನೂ ಅದೇ ಕ್ರಮದ್ದು. ಯಾಕೆ ಅಂತ ಹೇಳ್ತೀನಿ.

ನಮ್ಮ ಕರ್ನಾಟಕದಲ್ಲಿ ನಮ್ಮವರನ್ನ ಹೇಗೆ ಕೊಂದಿದ್ದಾರೆ? 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿಯನ್ನ ಸುಟ್ಟರು. ಈ ಹುಣಸಮಾರನಹಳ್ಳಿಯಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಅಲ್ಲಿ ಬಂದದ್ದು ಗುಂಪು, ಹಾಕಿದ್ದು ಮನೆಗೆ ಬೆಂಕಿ. 1993ರ ಮಾರ್ಚ್‌ನಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಸಿಟ್ಟಿಗೆ ಮೂವರನ್ನ ದಾರಿಗೆ ಅಡ್ಡಗಟ್ಟಿ ಕೊಂದರು. 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಊರೊಟ್ಟಿನ ಜನ ಕೇರಿಗೆ ನುಗ್ಗಿ ಗುಡಿಸಲಿಗೆ ಬೆಂಕಿ ಇಟ್ಟರು. ಲೆಕ್ಕ ಹಾಕಿ. ಎದುರಿಗೆ ನೂರು ಜನ, ನಿನ್ನ ಉರುಳೆಯಲ್ಲಿ ಆರು ಗುಂಡು, ತಲೆ ಮೇಲೆ ಉರಿಯೋ ಗರಿ. ಮತ್ತೆ ಒಂದು ಗುಂಡು ಹಾರಿತು ಅಂದರೆ ಬೆಳಗಾಗೋದರೊಳಗೆ 'ದಲಿತರಿಂದ ಗುಂಡಿನ ದಾಳಿ' ಅಂತ ಎದುರು ಕೇಸು ಬಿದ್ದಿರುತ್ತೆ. ಆತ್ಮರಕ್ಷಣೆಯ ಹಕ್ಕು ಕಾಯ್ದೆಯಲ್ಲಿದೆ, ಹೊಸ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ವರೆಗೆ ಅದೇ ಇರೋದು. ಆದರೆ ಅದನ್ನ ರುಜುವಾತು ಮಾಡೋತನಕ ಜೈಲಿನಲ್ಲಿರೋನು ನೀನು.

ಹಾಗಂತ ಕೋವಿಯಿಂದ ಕೊಂದೇ ಇಲ್ಲವಾ? ಕೊಂದಿದ್ದಾರೆ, ಬಿಹಾರದಲ್ಲಿ. 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ ಜಮೀನ್ದಾರರ ರಣವೀರ ಸೇನೆ 58 ಮಂದಿಯನ್ನ ಕೊಂದಿತು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟ 26 ಮಂದಿಯನ್ನೂ 2013ರಲ್ಲಿ ಪಟ್ನಾ ಹೈಕೋರ್ಟು ಬಿಟ್ಟುಬಿಟ್ಟಿತು. ಕೇರಿಯವರ ಕೈಯಲ್ಲೂ ನಾಲ್ಕು ಬಂದೂಕು ಇದ್ದಿದ್ದರೆ ಅಂತ ಕೇಳೋರಿದ್ದಾರೆ. ಆ ಮಾತನ್ನ ನಾನು ತಳ್ಳಿಹಾಕಲ್ಲ. ಆದರೆ ಬಂದೂಕಿಗೆ ಬಂದೂಕು ಅಂತ ಹೊರಟರೆ ನೂರು ಎಕರೆಯವನು ಹತ್ತು ತರ್ತಾನೆ, ಒಂದು ಎಕರೆಯವನು ಜಮೀನು ಮಾರಿ ಒಂದು ತರ್ತಾನೆ. ಜಮೀನು ಉಳಿಸೋಕೆ ತಂದ ರಿವಾಲ್ವರಿಗೆ ಜಮೀನೇ ಹೋಯ್ತಲ್ಲ!

ಇನ್ನೊಂದು ತಮಾಷೆ ಕೇಳಿ. ಚುನಾವಣೆ ಘೋಷಣೆ ಆದಾಗೆಲ್ಲ ಲೈಸೆನ್ಸ್ ಇರೋ ಆಯುಧಗಳನ್ನ ಠಾಣೆಗೆ ತಂದು ಒಪ್ಪಿಸಿ ಅಂತ ಆದೇಶ ಬರ್ತದೆ. ಊರಿನಲ್ಲಿ ಗಲಾಟೆ ಹೆಚ್ಚಾಗೋದೂ ಅದೇ ಹೊತ್ತಿಗೆ. ಇನ್ನು ಹಾಸ್ಟೆಲು. ಕಾಲೇಜು, ಶಾಲೆಯ ಆವರಣದೊಳಕ್ಕೆ, ಜಾತ್ರೆಗೆ, ಮೆರವಣಿಗೆಗೆ, ಸಭೆಗೆ ಆಯುಧ ತರಕೂಡದು ಅಂತ ಲೈಸೆನ್ಸಿನ ಷರತ್ತಿನಲ್ಲೇ ಇದೆ. 21 ವರ್ಷ ತುಂಬದಿದ್ದರೆ ಅರ್ಜಿಯೇ ಇಲ್ಲ. ನಿಮ್ಮಲ್ಲಿ ಅರ್ಧ ಜನಕ್ಕೆ ಮಾತು ಅಲ್ಲಿಗೇ ಮುಗೀತು.

ಹಾಗಾದರೆ ನಾಡಪಿಸ್ತೂಲು ತರೋಣ ಅಂತ ಕೆಲವರು ಮನಸ್ಸಿನಲ್ಲಿ ಅಂದುಕೊಳ್ತಿರಬಹುದು. ಯಾರೋ ಕೊಡಿಸ್ತೀನಿ ಅಂದಿರಬಹುದು. ಇಲ್ಲಿ ನಾನು ಗಟ್ಟಿಯಾಗಿ ಹೇಳ್ತೀನಿ, ಬೇಡ. ಅದು ನಿಮ್ಮ ಕೈಯಲ್ಲೇ ಸಿಡಿಯೋ ಮಾಲು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕರೆ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೂ ಜೈಲು. ಸರ್ಕಾರಿ ನೌಕರಿಯ ಆಸೆ ಅಲ್ಲಿಗೆ ಮಣ್ಣು. ಹೋರಾಟದಲ್ಲಿರೋ ಒಬ್ಬ ಹುಡುಗನನ್ನ ಮುಗಿಸಬೇಕಾದರೆ ಅವನ ಟ್ರಂಕಿನಲ್ಲಿ ಒಂದು ನಾಡಪಿಸ್ತೂಲು ಸಿಕ್ಕರೆ ಸಾಕು, ಬೇರೇನೂ ಬೇಡ. ನಾವೇ ಅದನ್ನ ತಂದು ಅಲ್ಲಿ ಇಡಬೇಕಾ? 1973ರ ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಪರ ನಿಂತ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆದಾಗ ಅವರ ಟ್ರಂಕಿನಲ್ಲಿದ್ದದ್ದು ಪುಸ್ತಕ, ಎರಡು ಜೊತೆ ಬಟ್ಟೆ. ಆ ಪೆಟ್ಟು ತಿಂದ ತಲೆಮಾರಿನಿಂದಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು.

1927ರ ಮಾರ್ಚ್‌ನಲ್ಲಿ ಮಹಾಡದ ಕೆರೆಯ ನೀರು ಮುಟ್ಟಿ ಬಂದವರನ್ನ ಸವರ್ಣೀಯರು ದೊಣ್ಣೆ ಹಿಡಿದು ಬಡಿದರು. ಬಡಿಸಿಕೊಂಡವರ ನಡುವೆ ಸೈನ್ಯದಿಂದ ಬಂದ ನಿವೃತ್ತರಿದ್ದರು, ಹೊಡೆಯೋಕೆ ಬಾರದವರಲ್ಲ. ಅವರನ್ನ ತಡೆದವರು ಬಾಬಾಸಾಹೇಬರು. ಹೆದರಿ ತಡೆದರು ಅಂತ ಯಾರೂ ಹೇಳಲಾರರು. ಹತ್ತು ವರ್ಷ ಕೋರ್ಟಿನಲ್ಲಿ ಬಡಿದಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಆ ಕೆರೆಯನ್ನ ಗೆದ್ದರು.

ಕೋರ್ಟು ಅಂದರೆ ನಿಮಗೆ ಕಂಬಾಲಪಲ್ಲಿ ನೆನಪಾಗುತ್ತೆ, ಗೊತ್ತು. ಏಳು ಜನ ಸುಟ್ಟುಹೋದ ಕೇಸಿನಲ್ಲಿ 2006ರಲ್ಲಿ ಎಲ್ಲರೂ ಖುಲಾಸೆ ಆದರು, 2014ರಲ್ಲಿ ಹೈಕೋರ್ಟೂ ಅದನ್ನೇ ಹೇಳಿತು. ಕಾರಣ, ಸಾಕ್ಷಿಗಳು ತಿರುಗಿಬಿದ್ದರು. ಯಾಕೆ ತಿರುಗಿಬಿದ್ದರು? ಆರು ವರ್ಷ ಹೆದರಿಕೊಂಡು ಬದುಕಬೇಕಾಗಿತ್ತು. ಮರಕುಂಬಿಯಲ್ಲಿ ಹತ್ತು ವರ್ಷ ಕಳೆದರೂ ಜನ ಸಾಕ್ಷಿ ಹೇಳಿದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ಕೋರ್ಟು 101 ಮಂದಿಗೆ ಶಿಕ್ಷೆ ಕೊಟ್ಟಿತು, ಅದರಲ್ಲಿ 98 ಮಂದಿಗೆ ಜೀವಾವಧಿ. ಮುಂದಿನ ತಿಂಗಳೇ ಅವರಲ್ಲಿ ಬಹುಪಾಲು ಮಂದಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು, ಅದನ್ನೂ ಮುಚ್ಚಿಡೋದು ಬೇಡ. ಆದರೂ ಒಂದೇ ಊರಿನ ನೂರು ಜನ ಒಟ್ಟಿಗೆ ಕಟಕಟೆಯಲ್ಲಿ ನಿಂತು ತೀರ್ಪು ಕೇಳಿದ್ದನ್ನ ನಮ್ಮ ತಾತ ಮುತ್ತಾತ ಕಂಡಿರಲಿಲ್ಲ.

ಈಗ ಕೇರಿಯ ಬಾಯಲ್ಲಿ ನಿಂತಿರೋ ಆ ಕಾರಿಗೆ ಬರೋಣ. ಅಂಗಿ ಸರಿಸಿ ಸೊಂಟದ್ದು ತೋರಿಸಿದನಲ್ಲ, ಅವನ ಲೈಸೆನ್ಸಿಗೂ ಷರತ್ತು ಇದೆ. 2016ರ ಆಯುಧ ನಿಯಮಗಳ ಪ್ರಕಾರ ಕೈಬಂದೂಕನ್ನ ಬಟ್ಟೆಯ ಒಳಗೆ, ಚೀಲದಲ್ಲಿ, ಕಾಣದ ಹಾಗೆ ಇಟ್ಟುಕೊಂಡು ಓಡಾಡಬೇಕು. ತೋರಿಸಿ ಹೆದರಿಸಿದರೆ ಲೈಸೆನ್ಸ್ ಹೋಗ್ತದೆ. 17ನೇ ಸೆಕ್ಷನ್ ಪ್ರಕಾರ ಅಮಾನತು ಮಾಡೋ ಅಧಿಕಾರ ಲೈಸೆನ್ಸ್ ಕೊಟ್ಟವರಿಗೇ ಇದೆ. ಪರಿಶಿಷ್ಟರ ಜಮೀನನ್ನ ಅನ್ಯಾಯವಾಗಿ ಆಕ್ರಮಿಸೋದು, ಅವರನ್ನ ಅದರಿಂದ ಒಕ್ಕಲೆಬ್ಬಿಸೋದು ದೌರ್ಜನ್ಯ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಅಪರಾಧ. ಇದುವರೆಗೆ ನಮ್ಮವರು ಠಾಣೆಗೆ ಹೋಗಿ "ಬೈದ್ರು ಸ್ವಾಮಿ, ಹೆದರಿಸಿದ್ರು ಸ್ವಾಮಿ" ಅಂತ ಬಾಯಲ್ಲಿ ಹೇಳಿ ಬರ್ತಿದ್ದರು. ಬರೆದು ಕೊಡಿ. ಕಾರಿನ ನಂಬರು, ದಿನ, ಹೊತ್ತು, ಸೊಂಟದಲ್ಲಿ ಏನಿತ್ತು, ಯಾರು ಯಾರು ನೋಡಿದರು, ಎಲ್ಲಾ ಬರೆಯಿರಿ. ಒಂದು ಪ್ರತಿ ಠಾಣೆಗೆ, ಒಂದು ಕಮಿಷನರಿಗೆ, ಒಂದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ. ಆ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ಜೊತೆಗೆ ರಿವಾಲ್ವರಿನ ಅರ್ಜಿಯನ್ನೂ ಹಾಕಿ. ಹೌದು, ಹಾಕಿ. ಮನೆಯಲ್ಲಿ 21 ದಾಟಿದ ಅಣ್ಣನೋ ಅಕ್ಕನೋ ಇದ್ದರೆ ಅವರ ಹೆಸರಲ್ಲಿ, 1995ರ 3ನೇ ನಿಯಮವನ್ನ ಕಾಣಿಸಿ. ಸಿಗುತ್ತೆ ಅಂತ ನಾನು ಭರವಸೆ ಕೊಡಲ್ಲ. ಕಾರಣ ಬರೆಯದೆ ತಿರಸ್ಕರಿಸೋ ಹಾಗಿಲ್ಲವಲ್ಲ. 'ಅರ್ಜಿದಾರರಿಗೆ ಪ್ರಾಣಭಯ ಇಲ್ಲ' ಅಂತ ಅವರು ಸಹಿ ಹಾಕಿ ಬರೆದು ಕೊಡಲಿ. ನಾಳೆ ಏನಾದರೂ ಆದರೆ ಆ ಸಹಿಗೆ ಉತ್ತರ ಹೇಳಬೇಕಾದವರು ಅವರೇ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಇನ್ನೂ ಮೂರು ಕೇಳಿ: ನಮ್ಮ ಠಾಣೆಯ ವ್ಯಾಪ್ತಿಯಲ್ಲಿ ಎಷ್ಟು ಲೈಸೆನ್ಸ್ ಇವೆ, ಅದರಲ್ಲಿ ಪರಿಶಿಷ್ಟರವು ಎಷ್ಟು, 3ನೇ ನಿಯಮದಲ್ಲಿ 1995ರಿಂದ ಎಷ್ಟು ರದ್ದಾದವು, ಎಷ್ಟು ಕೊಟ್ಟರು.

ಜಮೀನಿನ ಅರ್ಜಿ ಮಾತ್ರ ಎಲ್ಲಕ್ಕಿಂತ ಮುಂಚೆ. ಅಪ್ಪಣೆ ಇಲ್ಲದೆ ಪರಭಾರೆ ಆಗಿರೋ ಮಂಜೂರಾದ ಜಮೀನನ್ನ ವಾಪಸ್ ಕೊಡಿಸಿ ಅಂತ ಅಸಿಸ್ಟೆಂಟ್ ಕಮಿಷನರಿಗೆ ಹಾಕಬೇಕು. ತಡವಾಗಿ ಬಂದಿರಿ ಅಂತ 2017ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ ಬಹಳ ಕೇಸುಗಳನ್ನ ವಜಾ ಮಾಡಿದರು. ಕಾಲಮಿತಿ ಇಲ್ಲ ಅಂತ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿದೆ. ನಿಮ್ಮ ಅಪ್ಪಂದಿರಿಗೆ ಇದು ಗೊತ್ತಿಲ್ಲದೆ ಇರಬಹುದು, ದಲ್ಲಾಳಿಗೆ ಗೊತ್ತು. ಅದಕ್ಕೇ ಅವನು ಈಗ ಹಳೇ ತಾರೀಖಿನ ಕಾಗದ ಹಿಡಿದು ಸಂಜೆ ಹೊತ್ತು ಬರ್ತಿರೋದು. ಹೆಬ್ಬೆಟ್ಟು ಒತ್ತಬೇಡಿ ಅಂತ ಈ ಭಾನುವಾರವೇ ಊರಿಗೆ ಹೋಗಿ ಹೇಳಿ.

ಅರ್ಜಿ ಬರೆಯೋಕೆ ಕೂರೋರು ಸಭೆ ಮುಗಿದ ಮೇಲೆ ಇಲ್ಲೇ ಉಳಕೊಳ್ಳಿ. ಕಾಗದ, ಕಾರ್ಬನ್ನು ಇದೆ. ಇವತ್ತು ತಂದಿಲ್ಲದವರು ಮುಂದಿನ ವಾರ ಬರುವಾಗ ಸಾಗುವಳಿ ಚೀಟಿ, ಪಹಣಿ, ಮ್ಯುಟೇಷನ್, ಜಾತಿ ಸರ್ಟಿಫಿಕೇಟು, ಎಲ್ಲದರ ಎರಡೆರಡು ಜೆರಾಕ್ಸ್ ತನ್ನಿ. ಮೂಲ ಕಾಗದವನ್ನ ಯಾರ ಕೈಗೂ ಕೊಡಬೇಡಿ, ನಮಗೂ ಕೊಡಬೇಡಿ. ಚೀಟಿ ಬರೆದ ಹುಡುಗ ಎಲ್ಲರ ಎದುರು ಎದ್ದು ನಿಲ್ಲಬೇಕಾಗಿಲ್ಲ, ಆಮೇಲೆ ಬಂದು ನನ್ನನ್ನ ಕಾಣಲಿ. ಆ ಕಾರಿನ ನಂಬರು ನೆನಪಿದ್ದರೆ ಬರೆದುಕೊಂಡು ಬರಲಿ.

ಜೈ ಭೀಮ್.